ಐಸ್ ಫ್ಯಾಕ್ಟರಿ ಕೊಲೆಯೂ ದಾಕ್ಷಾಯಿಣಿಯ ಗ್ರೂಪೂ

ಈ ಕಥೆಯಲ್ಲಿ ಹೆಸರು ಬರುವವರನ್ನೆಲ್ಲ ನಾನೇ ಖುದ್ದಾಗಿ ಕಂಡು ಹೇಳಿ ಬಂದಿದ್ದೇನೆ: ನಾಳೆ ಬೆಳಿಗ್ಗೆ ಬರೆಯಲು ಕೂರುತ್ತೇನೆ, ನೀರಿನ ಚೊಂಬು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ಬಿಸಿ ಕಾಫಿ ಬಾಯಿಗೆ ಹಾಕಬೇಡಿ. ದಾಕ್ಷಾಯಿಣಿ ಮಾತ್ರ ನಕ್ಕಳು. "ನನ್ನ ಹೆಸರು ಎಷ್ಟು ಸಲ ಬೇಕಾದ್ರೂ ಬರ್ಕೊಳ್ಳಿ ವಾಮನಣ್ಣ, ನನಗೆ ಅಭ್ಯಾಸ ಆಗೋಗಿದೆ" ಎಂದಳು. ಆದ್ದರಿಂದ ಅವಳ ವಿಷಯದಲ್ಲಿ ನಾನು ಕೈ ಬಿಗಿಹಿಡಿದು ಬರೆಯುವುದಿಲ್ಲ. ಹಾಗೆ ಕೈ ಬಿಗಿಹಿಡಿದು ಬರೆಸಿಕೊಳ್ಳುವಂಥ ಹೆಂಗಸೂ ಅವಳಲ್ಲ.

ನಮ್ಮ ಊರಿನಲ್ಲಿ ಯಾರದಾದರೂ ಹೆಸರನ್ನು ಅವರ ಬೆನ್ನ ಹಿಂದೆ ಹೇಳಿದರೆ ಅಥವಾ ಬರೆದರೆ, ಅವರು ಎಲ್ಲೇ ಇರಲಿ, ಅವರಿಗೊಂದು ಬಿಕ್ಕಳಿಕೆ ಬರುತ್ತದೆ. ಒಂದು ಸಲ ಹೇಳಿದರೆ ಒಂದು. ಎದುರಿಗೆ ನಿಂತು ಕರೆದರೆ ಏನೂ ಆಗುವುದಿಲ್ಲ. ಸತ್ತವರ ಹೆಸರನ್ನು ಧಾರಾಳವಾಗಿ ಹೇಳಬಹುದು. ನಾವು ಇದಕ್ಕೆಲ್ಲ ಹೊಂದಿಕೊಂಡು ಎಷ್ಟೋ ಕಾಲವಾಗಿದೆ. ಶಾಲೆಯಲ್ಲಿ ಹಾಜರಿ ಕರೆಯುವ ಹೊತ್ತಿಗೆ ಚಕ್ಕರ್ ಹೊಡೆದ ಹುಡುಗರು ಹುಣಸೆಮರದ ಮೇಲೆ ಬಿಕ್ಕಳಿಸಿ ಸಿಕ್ಕಿಬೀಳುತ್ತಾರೆ. ಮದುವೆ ಪತ್ರಿಕೆ ಅಚ್ಚಾಗುವ ದಿನ ಪ್ರೆಸ್ಸಿನವರು ವಧೂವರರಿಗೆ ಮುಂಚೆಯೇ ತಿಳಿಸುತ್ತಾರೆ. ಚಾಡಿ ಹೇಳುವುದನ್ನು ನಾವೇನೂ ಬಿಟ್ಟಿಲ್ಲ, ಅಷ್ಟು ಒಳ್ಳೆಯವರಲ್ಲ. ಆದರೆ "ಹಸಿರು ಗೇಟಿನವರು", "ಆ ಎರಡನೇ ಹೆಂಡತಿಯವರು" ಎಂದು ಹೆಸರು ಬಿಟ್ಟು ಹೇಳುತ್ತೇವೆ. ನನಗೂ ಊರಲ್ಲಿ ಕನ್ನಡಕದವರು ಎಂದೇ ಹೆಸರು. ಬಸ್‌ಸ್ಟ್ಯಾಂಡಿನ ಎದುರು ಕನ್ನಡಕದ ಅಂಗಡಿ ಇಟ್ಟಿದ್ದೇನೆ.

ವಜ್ರಪ್ಪನವರು ಐಸ್ ಫ್ಯಾಕ್ಟರಿಯ ಮಾಲೀಕರು. ಒಂದು ಸಂಜೆ ಕರೆಂಟು ಹೋಗಿ ಬರುವಷ್ಟರಲ್ಲಿ ತಮ್ಮ ಫ್ಯಾಕ್ಟರಿಯ ಒದ್ದೆ ನೆಲದ ಮೇಲೆ ತಲೆ ಒಡೆದು ಬಿದ್ದಿದ್ದರು. ಒಂದು ಕಾಸೂ ಕಳುವಾಗಿರಲಿಲ್ಲ. ಯಾವುದರಿಂದ ಹೊಡೆದರು ಎನ್ನುವುದೂ ಗೊತ್ತಾಗಲಿಲ್ಲ. ಪೊಲೀಸರು ಬಂದರು, ಸೀಮೆಸುಣ್ಣದಲ್ಲಿ ಗೆರೆ ಎಳೆದರು, ನೆಲದ ನೀರಿಗೆ ಗೆರೆ ಅಳಿಸಿಹೋಯಿತು, ಮತ್ತೆ ಎಳೆದರು. ಮಳೆಗಾಲ ಮುಗಿದು ಚಳಿ ಬಂದರೂ ಅವರಿಗೆ ಏನೂ ಹೊಳೆಯಲಿಲ್ಲ. ಊರಿನಲ್ಲಿ ಕೊಲೆ ಅಂತ ಆದದ್ದೇ ಅದು ಮೊದಲು. ಜನ ಸುಮ್ಮನಿರುತ್ತಾರೆಯೇ?

ಆಗ ದಾಕ್ಷಾಯಿಣಿ ಮೊಬೈಲಿನಲ್ಲಿ ಒಂದು ಗ್ರೂಪ್ ಮಾಡಿದಳು. 'ಐಸ್ ಫ್ಯಾಕ್ಟರಿ ಸತ್ಯಶೋಧನೆ' ಎಂದು ಹೆಸರಿಟ್ಟು, ಕರಗುತ್ತಿರುವ ಐಸ್ ಗಡ್ಡೆಯ ಚಿತ್ರ ಹಾಕಿದಳು. ಅವಳದು ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಬ್ಯೂಟಿ ಪಾರ್ಲರು. ಊರಿನ ಹುಬ್ಬುಗಳಲ್ಲಿ ಮುಕ್ಕಾಲುಪಾಲು ಅವಳ ದಾರದಡಿ ಹಾದು ಬಂದವು. ಮುಖಕ್ಕೆ ಮುಲ್ತಾನಿ ಮಿಟ್ಟಿ ಮೆತ್ತಿಸಿಕೊಂಡು ಕೂತವರು ಬಾಯಿ ಅಲ್ಲಾಡಿಸುವಂತಿಲ್ಲ, ಕೇಳಿಸಿಕೊಳ್ಳಲೇಬೇಕು. ಅವರಿಗೆ ಕೊಲೆಯ ಲೆಕ್ಕಾಚಾರ ಹೇಳಿ ಹೇಳಿ ಅವಳಿಗೆ ಒಂದು ವರಸೆ ಬಂದುಬಿಟ್ಟಿತ್ತು. ಅವಳ ಹಾಗೆ ಊಹೆಯನ್ನು ಹೆಣೆಯುವವರನ್ನು ನಾನು ಕಂಡಿಲ್ಲ. ಎಲ್ಲಿಂದಲೋ ಒಂದು ಎಳೆ ತೆಗೆದುಕೊಂಡು ಶುರುಮಾಡುವಳು, ಓದುತ್ತ ಓದುತ್ತ ನಾವು ಹೌದಲ್ಲ, ಹೌದಲ್ಲ ಎಂದು ತಲೆದೂಗುತ್ತಿದ್ದೆವು. ಮೊದಲ ವಾರ ನೂರು ಜನ ಸೇರಿದರು. ಸಂಕ್ರಾಂತಿಯ ಹೊತ್ತಿಗೆ ಅರ್ಧ ಊರೇ ಅದರಲ್ಲಿತ್ತು. ಹಾಲು ಕಾಯಿಸಲು ಇಟ್ಟವರು ಗ್ರೂಪು ನೋಡುತ್ತ ಹಾಲು ಉಕ್ಕಿಸಿದರು. ಔಷಧಿ ಅಂಗಡಿಯ ಪಾಂಡುರಂಗ ಜ್ವರದವನಿಗೆ ಕೆಮ್ಮಿನ ಔಷಧಿ ಕೊಟ್ಟು ಕಳಿಸಿದ. ನಾನೂ ಅದರಲ್ಲಿದ್ದೆ. ಗಿರಾಕಿಯ ಕಣ್ಣಿಗೆ ಗಾಜು ಇಟ್ಟು "ಈಗ ಕಾಣುತ್ತಾ?" ಎಂದು ಕೇಳಿ, ಉತ್ತರ ಬರುವುದರೊಳಗೆ ಮೊಬೈಲಿನ ಕಡೆ ಬಗ್ಗುತ್ತಿದ್ದೆ.

ಮೊದಮೊದಲು ಎಲ್ಲರೂ ನಮ್ಮ ಊರಿನ ಮರ್ಯಾದೆಯ ಪ್ರಕಾರ ಹೆಸರಿಲ್ಲದೆ ಬರೆಯುತ್ತಿದ್ದರು. ಆದರೆ "ಆ ಮೂಲೆಮನೆಯವರು" ಎಂದರೆ ಯಾವ ಮೂಲೆ? "ಸೈಕಲ್ಲಿನವರು" ಎಂದರೆ ಊರಲ್ಲಿ ಎಷ್ಟು ಸೈಕಲ್ಲು? ಗೊಂದಲವಾಗಿ ಜಗಳವಾಯಿತು. ಸತ್ಯಶೋಧನೆ ಮಾಡುವಾಗ ಹೆಸರು ಬರೆಯದಿದ್ದರೆ ಆಗುವುದಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿದರು. ಆ ತೀರ್ಮಾನವನ್ನು ಬರೆದು ಹಾಕಿದವಳೂ ದಾಕ್ಷಾಯಿಣಿಯೇ.

ಚಿದಾನಂದನ ಹೆಸರು ಬಂದದ್ದು ಹೀಗೆ. ಅವನು ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುವವನು. ಮದುವೆ ಮೆರವಣಿಗೆಯಲ್ಲಿ ಅವನು ಊದಿದರೆ ಕುದುರೆಯ ಮೇಲಿನ ವರನೂ ಕಾಲು ಕುಣಿಸುತ್ತಿದ್ದ. ಮನೆ ಐಸ್ ಫ್ಯಾಕ್ಟರಿಯ ಹಿಂದೆ. ವಜ್ರಪ್ಪನವರ ಶೋಕಸಭೆ ಟೌನ್‌ಹಾಲಿನಲ್ಲಿ ನಡೆದಾಗ ಎಲ್ಲರೂ ಎದ್ದು ಮೌನವಾಗಿ ನಿಂತೆವು. ಆ ನಿಶ್ಶಬ್ದದಲ್ಲಿ ಒಬ್ಬನೇ ಒಬ್ಬ ಬಿಕ್ಕಳಿಸಿದ, ಅದು ಚಿದಾನಂದ. ಗ್ರೂಪಿನಲ್ಲಿ ಯಾರೋ ಇದನ್ನು ನೆನಪು ಮಾಡಿದರು. ಅಷ್ಟು ಸಾಕಾಯಿತು ದಾಕ್ಷಾಯಿಣಿಗೆ. ಊರೆಲ್ಲ ಟೌನ್‌ಹಾಲಿನೊಳಗೆ ಬಾಯಿ ಮುಚ್ಚಿ ನಿಂತಿದ್ದಾಗ, ಹೊರಗೆ ಉಳಿದವರು ಯಾರು? ಪೊಲೀಸರು. ಹಾಗಾದರೆ ಆ ಹೊತ್ತಿನಲ್ಲಿ ಚಿದಾನಂದನ ಹೆಸರೆತ್ತಿದವರು ಪೊಲೀಸರು. ಪೊಲೀಸರು ಸುಮ್ಮನೆ ಯಾರ ಹೆಸರನ್ನೂ ಎತ್ತುವುದಿಲ್ಲ. ಇದನ್ನು ಅವಳು ಎಷ್ಟು ಚೊಕ್ಕವಾಗಿ ಬರೆದಳೆಂದರೆ, ನಾನು ಅಂಗಡಿಯಲ್ಲಿ ಕೂತಲ್ಲೇ ಭೇಷ್ ಎಂದೆ.

ಮಾರನೇ ದಿನದಿಂದ ಚಿದಾನಂದ ಎಲ್ಲಿ ಕಂಡರೂ ಬಿಕ್ಕಳಿಸುತ್ತಿದ್ದ. ಕಂಡವರು ಬಂದು ಬರೆದರು: ಚಿದಾನಂದನನ್ನು ಸಂತೆಯಲ್ಲಿ ನೋಡಿದೆ, ಬಿಕ್ಕಳಿಸುತ್ತಿದ್ದ. ಚಿದಾನಂದ ಬಸ್ಸಿನಲ್ಲಿ ಬಿಕ್ಕಳಿಸಿದ. ಅಷ್ಟೊಂದು ಬಿಕ್ಕಳಿಕೆ ಬರಬೇಕಾದರೆ ಪೊಲೀಸರು ಚಿದಾನಂದನ ಹೆಸರನ್ನು ಎಷ್ಟು ಸಲ ಬರೆಯುತ್ತಿರಬೇಕು, ಯೋಚಿಸಿ! ಹೀಗೆ ಬರೆದವರಲ್ಲಿ ಎಂ.ಎ. ಮಾಡಿದವರಿದ್ದರು, ಲೆಕ್ಕದ ಮೇಷ್ಟ್ರಿದ್ದರು. ಒಬ್ಬರಿಗೂ ತಮ್ಮ ಬೆರಳಿನ ಕಡೆ ನೋಡಿಕೊಳ್ಳಬೇಕೆಂದು ಅನ್ನಿಸಲಿಲ್ಲ. ಬಿಕ್ಕಳಿಕೆ ಎಂದರೆ ಇನ್ಯಾರೋ ಹೆಸರೆತ್ತಿದ್ದು, ನಾವಲ್ಲ, ಎಂದುಕೊಳ್ಳುವುದು ನಮಗೆ ಹುಟ್ಟಿನಿಂದ ಅಭ್ಯಾಸ.

ದಾಕ್ಷಾಯಿಣಿಯ ದೊಡ್ಡತನ ಕಾಣಲು ಶುರುವಾದದ್ದು ಇಲ್ಲಿಂದ. ಬರೀ ಕೂತು ಬರೆಯುವುದು ಅವಳಿಗೆ ಸಾಕೆನಿಸಲಿಲ್ಲ. ಆರೋಪ ಮಾಡಿದ ಮೇಲೆ ಆ ಮನುಷ್ಯನ ಮುಖ ನೋಡಿ ಕೇಳಬೇಕು ಎಂದಳು. ಗ್ರೂಪಿನ ಅಷ್ಟು ಜನರಲ್ಲಿ ಹಾಗೆ ಅಂದವಳು ಅವಳೊಬ್ಬಳೇ. "ಸಾಕ್ಷಿಗೆ ನೀವು ಬನ್ನಿ ವಾಮನಣ್ಣ" ಎಂದು ನನ್ನನ್ನೂ ಎಬ್ಬಿಸಿಕೊಂಡು ಹೋದಳು.

ಮಧ್ಯಾಹ್ನದ ಊಟದ ಹೊತ್ತು. ಚಿದಾನಂದ ನೆಲದ ಮೇಲೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದ. ತಿಂಗಳ ಹಿಂದೆ ಕೆನ್ನೆ ತುಂಬಿಕೊಂಡಿದ್ದ ಮನುಷ್ಯ, ಈಗ ಕತ್ತಿನ ನರಗಳು ಎದ್ದು ಕಾಣುತ್ತಿದ್ದವು. ಅನ್ನ ಬಾಯಿಗಿಡುವನು, ಬಿಕ್ಕಳಿಕೆ ಬರುವುದು, ಅನ್ನ ನೆತ್ತಿಗೇರುವುದು, ಕೆಮ್ಮುವನು. ಪಕ್ಕದಲ್ಲಿ ಅವನ ಹೆಂಡತಿ ನೀರು ಹಿಡಿದು ಕೂತಿದ್ದಳು. ಕ್ಲಾರಿನೆಟ್ಟು ಗೋಡೆಯ ಮೊಳೆಗೆ ನೇತುಬಿದ್ದಿತ್ತು. ನಮ್ಮನ್ನು ಕಂಡು ಅವನು ಏಳಲು ಹೋದ, ಆಗಲಿಲ್ಲ.

ದಾಕ್ಷಾಯಿಣಿ ಬರೆದುಕೊಂಡು ಬಂದಿದ್ದ ಪ್ರಶ್ನೆಗಳನ್ನು ನೋಡಲೆಂದು ಮೊಬೈಲನ್ನು ನೆಲದ ಮೇಲಿಟ್ಟಳು. ಅದು ಟಿಂಗ್ ಎಂದಿತು. ಚಿದಾನಂದ ಬಿಕ್ಕಳಿಸಿದ. ಮತ್ತೆ ಟಿಂಗ್, ಮತ್ತೆ ಬಿಕ್ಕಳಿಕೆ. ಟಿಂಗ್ ಟಿಂಗ್ ಎಂದು ಎರಡು ಒಟ್ಟಿಗೆ ಬಂದರೆ ಅವನ ಎದೆಯೂ ಎರಡು ಸಲ ಜಗ್ಗುತ್ತಿತ್ತು. ದಾಕ್ಷಾಯಿಣಿ ಮೊಬೈಲನ್ನೊಮ್ಮೆ ಅವನನ್ನೊಮ್ಮೆ ನೋಡಿದಳು. ಅವಳ ಮುಖದ ಬಣ್ಣ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಒಂದು ಪ್ರಶ್ನೆಯನ್ನೂ ಅವಳು ಕೇಳಲಿಲ್ಲ.

ಹೆಂಡತಿ ತಾನಾಗಿಯೇ ಹೇಳಿದಳು. "ಶೋಕಸಭೆ ದಿನ ಬಂದಿದ್ದು ನಮ್ಮಮ್ಮನಿಂದ ಅಕ್ಕ. ತವರೂರಲ್ಲಿ ಹೋಳಿಗೆ ಮಾಡಿದ್ಲು. ಎರಡು ತೆಗೆದಿಟ್ಟು, ಇದು ಚಿದಾನಂದಂಗೆ ಅಂದಿದ್ಲಂತೆ. ಅಷ್ಟೇ ನೋಡಿ." ಚಿದಾನಂದ ತಾನು ನಿರಪರಾಧಿ ಎಂದು ಆಣೆ ಮಾಡಲಿಲ್ಲ, ನಮ್ಮನ್ನು ಬೈಯಲೂ ಇಲ್ಲ. ಬಿಕ್ಕಳಿಕೆಗಳ ನಡುವೆ ಜಾಗ ಮಾಡಿಕೊಂಡು ಇಷ್ಟೇ ಕೇಳಿದ. "ಅಕ್ಕಾ... ನೀವು ಏನಾದ್ರೂ ಬರ್ಕೊಳ್ಳಿ. ಮಧ್ಯಾಹ್ನ ಒಂದು ಅರ್ಧ ಗಂಟೆ... ಬಿಡಿ ಅಂತ ಹೇಳ್ತೀರಾ? ಊಟ ಮಾಡ್ಕೋತೀನಿ."

ದಾಕ್ಷಾಯಿಣಿ ವಾಪಸ್ಸು ಪಾರ್ಲರಿಗೆ ಹೋದವಳೇ ಗ್ರೂಪಿನಲ್ಲಿ ಬರೆದಳು: ಆ ಕ್ಲಾರಿನೆಟ್ಟಿನವರನ್ನು ದಯವಿಟ್ಟು ಬಿಟ್ಟುಬಿಡಿ, ನನ್ನ ಊಹೆ ತಪ್ಪು. ತಕ್ಷಣ ಉತ್ತರಗಳು ಬಂದವು. ಯಾರನ್ನು, ಚಿದಾನಂದನನ್ನಾ? ಚಿದಾನಂದನನ್ನು ಯಾಕೆ ಬಿಡಬೇಕು? ಚಿದಾನಂದ ಅಡ್ಮಿನ್ನಿಗೆ ಏನು ಕೊಟ್ಟ? ಚಿದಾನಂದ ಪಾಪದವನು, ನಾನೂ ಒಪ್ಪುತ್ತೇನೆ, ಚಿದಾನಂದನ ಹೆಸರು ಬರೆಯಬೇಡಿ! ಬೈದವರಿಂದಲೂ ಬಿಕ್ಕಳಿಕೆ, ಪರವಾಗಿ ನಿಂತವರಿಂದಲೂ ಬಿಕ್ಕಳಿಕೆ. ಗ್ರೂಪನ್ನೇ ಅಳಿಸಿಹಾಕುತ್ತೇನೆಂದು ಅವಳು ಹೆದರಿಸಿದಾಗ ಪಾಂಡುರಂಗ 'ಸತ್ಯಶೋಧನೆ ಎರಡು' ಎಂದು ಇನ್ನೊಂದನ್ನು ಮಾಡಿ ಸಿದ್ಧವಾಗಿಟ್ಟುಕೊಂಡ. ಜನ ಒಂದು ರುಚಿ ಹತ್ತಿದ ಮೇಲೆ ತಟ್ಟೆ ಕಿತ್ತುಕೊಂಡರೆ ಬಿಡುತ್ತಾರೆಯೇ? ಡಾಕ್ಟರು ಚಿದಾನಂದನಿಗೆ ಗ್ಲೂಕೋಸ್ ಹಾಕಿಸಿ, "ಹೀಗೇ ಹೋದ್ರೆ ಯುಗಾದಿ ನೋಡೋದು ಕಷ್ಟ" ಎಂದು ಹೆಂಡತಿಯ ಹತ್ತಿರ ಅಂದರಂತೆ.

ಎರಡು ದಿನ ದಾಕ್ಷಾಯಿಣಿ ಪಾರ್ಲರು ತೆಗೆಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಗ್ರೂಪಿನಲ್ಲಿ ಅವಳದೊಂದು ಉದ್ದನೆಯ ಬರಹ ಬಂತು. ಅದನ್ನು ಓದಿ ನನ್ನ ಕೈಯಲ್ಲಿದ್ದ ಗಾಜು ಕೆಳಗೆ ಬಿತ್ತು. 'ವಜ್ರಪ್ಪನವರನ್ನು ಕೊಂದವಳು ದಾಕ್ಷಾಯಿಣಿ' ಎಂದು ಶುರುವಾಗಿತ್ತು. ಫೇಶಿಯಲ್ಲಿಗೆ ದಿನಾ ಐಸು ಬೇಕು. ಐಸು ತರಲು ಅವಳು ಯಾವ ಹೊತ್ತಿನಲ್ಲಿ ಹೋದರೂ ಯಾರೂ ತಿರುಗಿ ನೋಡುವುದಿಲ್ಲ. ವಜ್ರಪ್ಪ ಕೆಸರು ಐಸು ಕೊಟ್ಟು, ಗಿರಾಕಿಯೊಬ್ಬಳ ಮುಖ ಊದಿಕೊಂಡು, ಬೀದಿಯಲ್ಲೇ ಇಬ್ಬರಿಗೂ ಜಗಳವಾಗಿತ್ತು. ಅದು ನಿಜ, ಹತ್ತಾರು ಜನ ನೋಡಿದ್ದರು. ಹೊಡೆದದ್ದು ಐಸಿನ ಗಡ್ಡೆಯಿಂದ. ಆಯುಧ ಸಿಗಲಿಲ್ಲ ಏಕೆ? ಕರಗಿ ಚರಂಡಿ ಸೇರಿತು. ಗ್ರೂಪನ್ನು ಮಾಡಿದ್ದು ಏಕೆ? ಊರಿನ ಕಣ್ಣನ್ನು ಬೇರೆ ಕಡೆ ತಿರುಗಿಸಲು. ಅಡ್ಮಿನ್ನನ್ನು ಯಾರು ಅನುಮಾನಿಸುತ್ತಾರೆ? ಊರಿಗೆ ಊರೇ ಹಣೆ ಹಣೆ ಚಚ್ಚಿಕೊಂಡಿತು. ಅವಳು ಬರೆದದ್ದರಲ್ಲೆಲ್ಲ ಅದೇ ಅತ್ಯುತ್ತಮ. ಇವತ್ತಿಗೂ ನಾನು ಅದನ್ನು ಮತ್ತೆ ಮತ್ತೆ ಓದುತ್ತೇನೆ.

ಅದರಲ್ಲಿ ಸುಳ್ಳೆಂದರೆ ಒಂದೇ. ಆ ಸಂಜೆ ಕರೆಂಟು ಹೋದಾಗ ಅವಳು ನನ್ನ ಅಂಗಡಿಯಲ್ಲಿದ್ದಳು. ಇದ್ದಬದ್ದ ಚೌಕಟ್ಟುಗಳನ್ನೆಲ್ಲ ಮೂಗಿನ ಮೇಲೆ ಇಟ್ಟು ನೋಡಿ, ಮೇಣದಬತ್ತಿ ಹಚ್ಚಿಸಿಕೊಂಡು ಮತ್ತೆ ನೋಡಿ, ಕರೆಂಟು ಬಂದ ಮೇಲೆ ಏನನ್ನೂ ಕೊಳ್ಳದೆ ಎದ್ದುಹೋಗಿದ್ದಳು. ನಾನು ಓಡಿದೆ. ಪಾರ್ಲರಿನಲ್ಲಿ ಅವಳು ಬಾಯಿಗೆ ಸಕ್ಕರೆ ಹಾಕಿಕೊಂಡು ಕೂತಿದ್ದಳು, ಬಿಕ್ಕಳಿಕೆ ಶುರುವಾಗಿ ಹೋಗಿತ್ತು.

"ಏನಮ್ಮಾ ಇದು ಹುಚ್ಚು? ಈಗಲೇ ಹೇಳ್ತೀನಿ ನಾನು, ನೀನು ನನ್ನ ಅಂಗಡೀಲಿದ್ದೆ ಅಂತ."

"ಹೇಳ್ಬಾರದು" ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ ಅಣ್ಣ. ಆ ಕ್ಲಾರಿನೆಟ್ಟಿನವರು ನಾಲ್ಕು ದಿನ ಉಂಡು ಮಲಗಲಿ. ನಾನೇ ತೆರೆಸಿದ ಬಾಯಿಗಳು ಇವು. ಮುಚ್ಸೋಕೆ ಆಗ್ಲಿಲ್ಲ. ಈ ಕಡೆಗಾದ್ರೂ ತಿರುಗಿಸ್ತೀನಿ."

"ನಿನಗೆ ಏನಾದ್ರೂ ಆದ್ರೆ?"

"ನಾನು ಕ್ಲಾರಿನೆಟ್ ಊದಲ್ಲವಲ್ಲ" ಎಂದು ನಕ್ಕಳು. ನಗುವಿನ ಮಧ್ಯೆ ಮೂರು ಸಲ ಬಿಕ್ಕಳಿಸಿದಳು.

ನಾನು ಮಾತು ಕೊಟ್ಟೆ. ಆ ಮಧ್ಯಾಹ್ನ ಚಿದಾನಂದ ಎರಡು ಸಲ ಸಾರು ಹಾಕಿಸಿಕೊಂಡು ಉಂಡು, ಹೊಸಿಲಿನ ಮೇಲೆಯೇ ಮಲಗಿ, ಮಾರನೇ ದಿನ ಹಾಲಿನವನು ಎಬ್ಬಿಸುವವರೆಗೂ ನಿದ್ದೆ ಮಾಡಿದನಂತೆ. ಇತ್ತ ದಾಕ್ಷಾಯಿಣಿ ಆಮೇಲೆ ಒಂದು ದಿನವೂ ಪಾರ್ಲರು ಮುಚ್ಚಲಿಲ್ಲ. ಬಿಕ್ಕಳಿಸುತ್ತ ಹುಬ್ಬು ತಿದ್ದಲು ಹೋಗಿ ತಾಲ್ಲೂಕು ಆಫೀಸಿನ ಹೆಂಗಸೊಬ್ಬರ ಎಡ ಹುಬ್ಬು ಅರ್ಧಕ್ಕೆ ನಿಂತಿತು. ಗಿರಾಕಿಗಳು ಬರುವುದು ಕಮ್ಮಿಯಾಯಿತು. ಕೆಲವರು ಹೆದರಿ, ಕೆಲವರು ಹುಬ್ಬಿನ ಮೇಲಿನ ಪ್ರೀತಿಯಿಂದ. ಅವಳ ಕುಪ್ಪಸದ ತೋಳು ಸಡಿಲವಾಗುತ್ತ ಬಂತು. ಅವಳನ್ನು ಹಿಡಿಯಿರಿ ಎಂದು ಗ್ರೂಪು ಕೂಗುತ್ತಿತ್ತು, ಇನ್‌ಸ್ಪೆಕ್ಟರು ಸ್ಟೇಷನ್ನಿಗೆ ಕರೆಸಿ ಕೂರಿಸಿಕೊಂಡರು. "ಇಷ್ಟು ಚೆನ್ನಾಗಿ ಬರ್ದಿದೀರಲ್ಲಮ್ಮ, ನಾವೇನು ಮಾಡ್ಬೇಕು ಹೇಳಿ" ಎಂದರಂತೆ. ಸೋಮವಾರ ಅರೆಸ್ಟ್ ಮಾಡುತ್ತಾರೆ ಎಂದು ಸುದ್ದಿಯಾಯಿತು.

ನನಗೆ ಭಾನುವಾರ ಊಟ ಸೇರಲಿಲ್ಲ. ಕೊಟ್ಟ ಮಾತು ಮುರಿಯುವಂತಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಕೊನೆಗೆ ಮೊಬೈಲು ತೆಗೆದು ನಾನೂ ಒಂದು ಬರೆದೆ: 'ವಜ್ರಪ್ಪನವರನ್ನು ಕೊಂದವನು ವಾಮನಮೂರ್ತಿ.' ನನಗೆ ಅವಳ ಹಾಗೆ ಹೆಣೆಯಲು ಬರುವುದಿಲ್ಲ. ದೂರದೃಷ್ಟಿಯ ಕನ್ನಡಕ ಕೊಡಲು ಹೋಗಿ ಜಗಳವಾಯಿತು ಎಂದೇನೋ ಗೀಚಿದ್ದೆ. ಓದಿದವರು ನಕ್ಕರು. ನಗುತ್ತ ನಗುತ್ತ ನನ್ನ ಹೆಸರು ಬರೆದರು. ನನಗೆ ಬಿಕ್ಕಳಿಕೆ ಹತ್ತಿತು. ಸುಳ್ಳು ಹೇಳುವುದಿಲ್ಲ, ಅಂಥ ಹಿತವಾದ ಬಿಕ್ಕಳಿಕೆ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ನನಗೆ ಬಂದಷ್ಟೂ ಅವಳಿಗೆ ಬರುವುದಿಲ್ಲವಲ್ಲ ಎಂದು.

ಸಂಜೆಯ ಹೊತ್ತಿಗೆ ಚಿದಾನಂದನ ಹೆಂಡತಿ ತಾನೇ ಕೊಂದೆ ಎಂದು ಬರೆದಳು. ಒಬ್ಬರ ಬಿಕ್ಕಳಿಕೆಯನ್ನು ಇನ್ನೊಬ್ಬರು ತಮ್ಮ ಮೇಲೆ ಎಳೆದುಕೊಳ್ಳುತ್ತಿದ್ದಾರೆಂದು ಅದನ್ನು ಓದಿದಾಗ ಗ್ರೂಪಿಗೆ ಮೊದಲ ಸಲ ಅರ್ಥವಾಯಿತು. ನಗು ನಿಂತಿತು. ಆಮೇಲೆ ಪಾಂಡುರಂಗ, ಆ ಎರಡನೇ ಗ್ರೂಪಿನ ಪಾಂಡುರಂಗ, ಬರೆದ: ನಾಳೆ ನನ್ನ ಸರದಿ. ಬೆಳಿಗ್ಗೆ ದಾಕ್ಷಾಯಿಣಿಯನ್ನು ಹಿಡಿಯಲು ಇನ್‌ಸ್ಪೆಕ್ಟರು ಟೋಪಿ ಹಾಕಿಕೊಂಡು ಹೊರಬಂದರೆ ಸ್ಟೇಷನ್ನಿನ ಬೆಂಚಿನ ಮೇಲೆ ಲೆಕ್ಕದ ಮೇಷ್ಟ್ರು, ಬಸ್‌ಸ್ಟ್ಯಾಂಡಿನ ಕಂಟ್ರೋಲರು, ನಾನು, ಅರ್ಧ ಹುಬ್ಬಿನ ಆ ಹೆಂಗಸು, ಎಲ್ಲರೂ ನಾವೇ ಕೊಂದವರೆಂದು ಬಿಕ್ಕಳಿಸುತ್ತ ಕೂತಿದ್ದೆವು. ಬೆಂಚಿನ ಕೊನೆಯಲ್ಲಿ ಇನ್‌ಸ್ಪೆಕ್ಟರ ಹೆಂಡತಿಯೂ ಕೂತಿದ್ದರು. ಇನ್‌ಸ್ಪೆಕ್ಟರು ಟೋಪಿ ತೆಗೆದು ಮೇಜಿನ ಮೇಲಿಟ್ಟು, "ಎಲ್ರಿಗೂ ನೀರು ಕೊಡ್ರಪ್ಪಾ" ಎಂದು ಒಳಗೆ ಹೋದರು.

ಅಂದಿನಿಂದ ನಮ್ಮ ಊರಿನಲ್ಲಿ ಇದೊಂದು ಪದ್ಧತಿಯಾಯಿತು. ಬೇರೆಯವರ ಮೇಲೆ ಅನುಮಾನ ಬರೆಯುವಂತಿಲ್ಲ. ಬರೆಯುವುದಾದರೆ ತನ್ನ ಮೇಲೆ ತಾನೇ ಬರೆದುಕೊಳ್ಳಬೇಕು. ದಿನಕ್ಕೊಬ್ಬರ ಸರದಿ. ಬಸುರಿಯರಿಗೂ ಎದೆನೋವಿನವರಿಗೂ ಮದುವೆ ಗೊತ್ತಾದವರಿಗೂ ವಿನಾಯಿತಿ. ಊಟದ ಹೊತ್ತಿನಲ್ಲಿ ಯಾರೂ ಹೆಸರು ಬರೆಯುವುದಿಲ್ಲ. ಊಹಿಸುವ ಚಪಲ ಹೋಗಲಿಲ್ಲ, ಅದು ಹೋಗುವಂಥದೂ ಅಲ್ಲ. ಆದರೆ ತನ್ನನ್ನೇ ಕೊಲೆಗಾರನನ್ನಾಗಿ ಮಾಡಿಕೊಂಡು ಬರೆಯಲು ಕೂತಾಗ ಜನಕ್ಕೆ ಏನೇನೋ ನೆನಪಾಗುತ್ತಿತ್ತು. ವಜ್ರಪ್ಪನವರ ಮೇಲೆ ತನಗೆ ನಿಜವಾಗಿ ಸಿಟ್ಟು ಬಂದ ದಿನ, ಯಾರಿಗೂ ಹೇಳದ ಹೊಟ್ಟೆಕಿಚ್ಚು. ಓದುತ್ತ ಓದುತ್ತ ನಮ್ಮ ಊರಿನ ಜನ ಇಷ್ಟು ಚೆನ್ನಾಗಿದ್ದಾರೆಯೇ ಎಂದು ನನಗೆ ಕಣ್ಣು ಒದ್ದೆಯಾದದ್ದುಂಟು. ಇದೆಲ್ಲ ಆ ಹುಬ್ಬು ತಿದ್ದುವವಳು ಮಾಡಿದ್ದು. ಚಿದಾನಂದ ಯುಗಾದಿಯ ದಿನ ಅವಳ ಪಾರ್ಲರಿನ ಮುಂದೆ ನಿಂತು ಕ್ಲಾರಿನೆಟ್ ಊದಿದ. ಬೀದಿಯ ಜನರೆಲ್ಲ ಹೊರಗೆ ಬಂದರು. ಅವಳು ಮಾತ್ರ ಒಳಗೇ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ವೈಶಾಖದಲ್ಲಿ ಒಂದು ಮಧ್ಯಾಹ್ನ, ಹೆಸರಿಲ್ಲದ ಬರೀ ಫೋನ್ ನಂಬರೊಂದರಿಂದ ಗ್ರೂಪಿಗೆ ನಾಲ್ಕು ಸಾಲು ಬಂತು. 'ನನ್ನ ಹೆಸರು ದ್ಯಾಮಣ್ಣ. ಐಸ್ ಎಳೆಯುವ ಕೊಕ್ಕೆಯಿಂದ ಹೊಡೆದೆ. ಕೊಕ್ಕೆ ತೊಳೆದು ಮತ್ತೆ ಅದರಲ್ಲೇ ಕೆಲಸ ಮಾಡಿದೆ. ಅವರು ಆವತ್ತು ನಿನ್ನ ಹೆಸರೇನು ಅಂತ ಕೇಳಿದರು.' ಅಷ್ಟೇ. ಕೆಳಗೆ ಒಂದಿಬ್ಬರು ಬರೆದರು: ಇದೇನು ಊಹೆಯೇ? ಕಾರಣವೇ ಇಲ್ಲವಲ್ಲ. ಇನ್ನೊಬ್ಬರು: ಮುಂದಿನವರು ಬರಲಿ. ಯಾರೂ ಅವನ ಹೆಸರು ಬರೆಯುವ ಗೋಜಿಗೇ ಹೋಗಲಿಲ್ಲ. ನಾನೂ ಓದಿ ಬದಿಗಿಟ್ಟಿದ್ದೆ.

ದಾಕ್ಷಾಯಿಣಿ ಏದುಸಿರು ಬಿಡುತ್ತ ನನ್ನ ಅಂಗಡಿಗೆ ಬಂದಳು. "ಓದಿದ್ರಾ?"

"ಯಾರೋ ಹೊಸಬ. ಬರೆಯೋಕೆ ಬರಲ್ಲ ಪಾಪ."

"ಬರೆಯೋಕೆ ಬರದೇ ಇದ್ದಿದ್ದಕ್ಕೇ ಹೇಳ್ತಿರೋದು. ನಾವೆಲ್ಲ ನಂಬಿಸೋಕೆ ಬರ್ದ್ವಿ ಅಣ್ಣ. ಇವರು ಯಾರನ್ನೂ ನಂಬಿಸೋಕೆ ಹೋಗಿಲ್ಲ." ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟಳು. "ಇಷ್ಟು ದಿನದಲ್ಲಿ ಇಡೀ ಊರಿನ ಹೆಸರು ಬರ್ದಿದೀವಿ. ಸತ್ತೋರು ಕೂಡ ಉಳೀಲಿಲ್ಲ. ಐಸ್ ಫ್ಯಾಕ್ಟರೀಲಿ ಐಸ್ ಎಳಿಯೋರ ಹೆಸರು ಒಬ್ರಾದ್ರೂ ಬರ್ದಿದೀವಾ?"

ಬರೆದಿರಲಿಲ್ಲ. ಬರೆಯಲು ಆ ಹೆಸರು ನಮಗೆ ಗೊತ್ತಿರಬೇಕಲ್ಲ. ಹೆಣವನ್ನು ಮೊದಲು ನೋಡಿ ಕೂಗಿದವನು ಅವನೇ. ಪತ್ರಿಕೆಯಲ್ಲಿ 'ಫ್ಯಾಕ್ಟರಿಯ ಆಳು' ಎಂದು ಬಂದಿತ್ತು. ನಾನೇ ಎಷ್ಟೋ ಸಲ ಅವನ ಕೈಯಿಂದ ಐಸು ತೆಗೆದುಕೊಂಡಿದ್ದೆ, ಮುಖ ನೆನಪಿಗೆ ಬರಲಿಲ್ಲ.

ಇಬ್ಬರೂ ಹೋದೆವು. ಅವನು ಕೊಕ್ಕೆಯಿಂದ ಗಡ್ಡೆಗಳನ್ನು ಎಳೆದು ಭತ್ತದ ಹೊಟ್ಟಿನ ಮೇಲೆ ಜೋಡಿಸುತ್ತಿದ್ದ. ನಡುವಯಸ್ಸು ದಾಟಿದ, ಬೆನ್ನು ಬಾಗಿದ ಮನುಷ್ಯ. ದಾಕ್ಷಾಯಿಣಿ ಹತ್ತಿರ ಹೋಗಿ, "ದ್ಯಾಮಣ್ಣ ಅಂದ್ರೆ ನೀವೇ ಅಲ್ವಾ?" ಎಂದಳು. ಅವನು ಕೊಕ್ಕೆಯನ್ನು ಗೋಡೆಗೆ ಒರಗಿಸಿ ಕೈ ಒರೆಸಿಕೊಂಡ.

"ಯಾರೂ ನಂಬ್ಲಿಲ್ಲ ಅಂದ್ಕೊಂಡೆ ಅಕ್ಕ."

"ನಾನು ನಂಬ್ದೆ."

ಅವನು ಗಡ್ಡೆಯೊಂದರ ಮೇಲೆ ಗೋಣಿ ಹಾಸಿ ಅವಳನ್ನು ಕೂರಿಸಿ ತಾನು ನಿಂತೇ ಹೇಳಿದ. ಮೀಸೆ ಮೂಡುವ ಮುಂಚೆ ಇಲ್ಲಿಗೆ ಬಂದವನು. ಹಿಂದಿಲ್ಲ, ಮುಂದಿಲ್ಲ. ಏಯ್ ಎಂದರೆ ಬರುವನು, ಇವನೇ ಎಂದರೆ ತಿರುಗುವನು. "ನಿಮಗೆಲ್ಲ ಬರುತ್ತಲ್ಲ ಬಿಕ್ಕಳಿಕೆ, ನಂಗೆ ಅಮ್ಮ ಹೋದ ಮೇಲೆ ಬಂದಿಲ್ಲ. ಸಣ್ಣೋನಿದ್ದಾಗ ಬರ್ತಿತ್ತು ಅಂತ ನೆನಪು. ಆವತ್ತು ಧಣಿ, ಕರೆಂಟ್ ಹೋದಾಗ ಬೇಜಾರಿಗೆ ಮಾತಾಡ್ಸಿದ್ರು. ಇಷ್ಟು ವರ್ಷ ಆಯ್ತಲ್ಲೋ, ನಿನ್ನ ಹೆಸರೇನೋ ಅಂದ್ರು. ನಗ್ತಾ ಕೇಳಿದ್ರು. ಕೆಟ್ಟದ್ದೇನೂ ಅನ್ಲಿಲ್ಲ. ಕೈಯಾಗೆ ಕೊಕ್ಕೆ ಇತ್ತು." ಕೊಂದದ್ದು ಕೊಂದದ್ದೇ, ಅದನ್ನು ನಾನು ಒರೆಸಿಹಾಕಲಾರೆ. ವಜ್ರಪ್ಪನವರ ಮಕ್ಕಳ ಮುಖ ನನ್ನ ಕಣ್ಣ ಮುಂದೆ ಬಂತು. ಆದರೂ ಆ ಮನುಷ್ಯನ ಕಡೆ ನೋಡುವುದು ಕಷ್ಟವಾಯಿತು.

"ಈಗ ಯಾಕೆ ಬರೆದ್ರಿ?" ಎಂದು ದಾಕ್ಷಾಯಿಣಿ ಮೆತ್ತಗೆ ಕೇಳಿದಳು.

"ಮಾಡ್ದೇ ಇರೋರೆಲ್ಲ ನಾನು ನಾನು ಅಂತ ತಲೆ ಕೊಡ್ತಿದ್ರಿ. ನೀವು ಸಣ್ಣಗಾಗಿದ್ದು ನೋಡ್ದೆ, ಐಸ್ ತಗೊಳ್ಳೋಕೆ ಬಂದಾಗ. ತಡ್ಕೊಳ್ಳೋಕೆ ಆಗ್ಲಿಲ್ಲ ಅಕ್ಕ." ಆಮೇಲೆ ಅವನೇ ಕೇಳಿದ. "ಸ್ಟೇಷನ್ನಾಗೆ ಹೆಸರು ಬರ್ಕೋತಾರಾ?"

"ಬರ್ಕೋತಾರೆ. ನಾನೂ ಜೊತೇಲಿ ಇರ್ತೀನಿ."

ಅವನು ಗಡ್ಡೆಗಳಿಗೆಲ್ಲ ಹೊಟ್ಟು ಮುಚ್ಚಿದ, ಅಂಗಿ ಹಾಕಿಕೊಂಡ, ಬಾಗಿಲು ಎಳೆದ. ಬಿಸಿಲಿನಲ್ಲಿ ಮೂವರೂ ಹೊರಟೆವು, ಅವನು ನಡುವೆ. ಬೀದಿಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಪಾಂಡುರಂಗ ಅಂಗಡಿಯಿಂದಲೇ ನಮಗೆ ಕೈ ಮಾಡಿದ. ಬಸ್‌ಸ್ಟ್ಯಾಂಡು ದಾಟುವ ಹೊತ್ತಿಗೆ ದ್ಯಾಮಣ್ಣ ಇದ್ದಕ್ಕಿದ್ದಂತೆ ನಿಂತ. ಅವನ ಎದೆ ಒಮ್ಮೆ ಜಗ್ಗಿತು. ಗ್ರೂಪಿನಲ್ಲಿ ಯಾರೋ ಕೊನೆಗೂ ಹೆಸರು ಬರೆದು, ಯಾರಪ್ಪ ಇದು ಎಂದು ಕೇಳಿರಬೇಕು. ಅವನು ಎದೆಯ ಮೇಲೆ ಕೈ ಇಟ್ಟುಕೊಂಡು ನಮ್ಮ ಮುಖ ನೋಡಿದ. ಇನ್ನೊಂದು ಬಂತು. ಮತ್ತೊಂದು.

ದಾಕ್ಷಾಯಿಣಿ ಚೀಲದಿಂದ ನೀರಿನ ಬಾಟ್ಲಿ ತೆಗೆದು ಮುಚ್ಚಳ ತಿರುವಿ ಅವನ ಮುಂದೆ ಹಿಡಿದಳು. ಅವನು ಬಾಟ್ಲಿಯನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ.

"ಬೇಡ ಅಕ್ಕ" ಎಂದ. "ಇರಲಿ."